ದ್ವೀಪದಲ್ಲಿ ಸೋದರಮಾವನನ್ನು ಏನು ಮಾಡಿದರು

ನನ್ನ ಸೋದರಮಾವ ನಿಕೋಬಾರ್ ಕಡೆಯ ಒಂದು ದ್ವೀಪದ ಸೇನಾ ಠಾಣೆಯಲ್ಲಿ ಜ್ವರ ಬಂದು ಸತ್ತ. ಮಳೆಗಾಲ, ಹಡಗು ಬರಲಿಲ್ಲವೆಂದು ಹೆಣ ಊರಿಗೆ ಬರಲಿಲ್ಲ. ಬಂದದ್ದು ಅವನ ಕಬ್ಬಿಣದ ಟ್ರಂಕು. ಅದರಲ್ಲಿ ಅವನ ಇಷ್ಟಲಿಂಗವೂ ಇತ್ತೆಂದು ನನ್ನ ನೆನಪು. ಇರಲಿಲ್ಲ ಎನ್ನುತ್ತಾಳೆ ಅವ್ವ. ನಾನಾಗ ಚಿಕ್ಕವನು. ಮೇಲಾಗಿ, ಇತಿಹಾಸದಲ್ಲಿ ಎಂ.ಎ. ಮಾಡಿದ ಮೇಲೆ ಸ್ವಂತ ನೆನಪನ್ನು ನಂಬುವ ಅಭ್ಯಾಸವೂ ತಪ್ಪಿಹೋಗಿದೆ.

ಅವ್ವನಿಗೆ ಗೊತ್ತಾಗಬೇಕಿದ್ದದ್ದು ಒಂದೇ. ತಮ್ಮನನ್ನು ನಮ್ಮ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರೋ, ಇಲ್ಲ ಸುಟ್ಟರೋ. ಹೋದ ವರ್ಷ ಮಂಡಿನೋವಿನಿಂದ ಮೊಳಕಾಲ್ಮೂರಿನ ಮನೆಯಲ್ಲೇ ಕೂರುವಂತಾದ ಮೇಲೆ ಅವಳು ದಿನವೂ ಇದನ್ನೇ ಕೇಳತೊಡಗಿದಳು. ಆ ಠಾಣೆಯಲ್ಲಿದ್ದವರು ಈ ಸೀಮೆಯಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕಲು ಹೊರಟೆ. ಮಾಜಿ ಸೈನಿಕರು ಒಬ್ಬರು ಇನ್ನೊಬ್ಬರ ಫೋನ್ ನಂಬರು ಕೊಟ್ಟರು. ಹೆಚ್ಚಿನವರಿಗೆ ದ್ವೀಪವೆಂದರೆ ನೀರು, ಬೇಸರ, ಡಬ್ಬಿ ಊಟ. 

ಕೊನೆಗೆ ದೇವಸಮುದ್ರದಲ್ಲಿ ಒಬ್ಬರು ಸಿಕ್ಕರು. ನಮ್ಮ ಜನವೇ, ಜಮೀನಿದ್ದವರು. ಆಟೋ ಮಾಡಿ ಅವ್ವನನ್ನೂ ಕರೆದುಕೊಂಡು ಹೋದೆ. ಮಂಚದ ಮೇಲೆ ಮಲಗಿದ್ದವರು ಅವಳ ಹಣೆಯ ವಿಭೂತಿ ನೋಡಿ ಎದ್ದು ಕುಳಿತರು.

"ನಾನೇ ಕುಂದ್ರಿಸಿದೆನ್ರವ್ವ, ಇದೇ ಕೈಯಾಗೆ. ಲಿಂಗಾನೂ ಇಟ್ವಿ. ನೆಮ್ಮದಿಯಾಗಿರ್ರಿ."

ಅವ್ವ ಆ ಕೈಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ಅಂದು ಹೊಟ್ಟೆ ತುಂಬ ಉಂಡಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಬ್ಬನ ಸಾಕ್ಷಿ ಸಾಲದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆನಲ್ಲ. ಅದೇ ಠಾಣೆಯಲ್ಲಿದ್ದ ಇನ್ನೊಬ್ಬರು, ಮುಸಲ್ಮಾನರು, ಚಳ್ಳಕೆರೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾರೆಂದು ತಿಳಿದು, ಅವ್ವನಿಗೆ ಹೇಳದೆ ಹೋದೆ.

"ಕುಂದ್ರಿಸಿದ್ರಂತಾ? ಯಾವನ್ರಿ ಹೇಳಿದ್ದು?"

ದೇವಸಮುದ್ರದವರ ಹೆಸರು ಹೇಳಿದೆ. ಅವರು ತಾಮ್ರದ ತಂತಿಯನ್ನು ಕೆಳಗಿಟ್ಟರು.

"ಅವ್ನು ಅಲ್ಲೇ ನಿಂತಿದ್ದ, ಬಾಯಿ ಬಿಡ್ಲಿಲ್ಲ. ಸಾಹೇಬ್ರಿಗೆ ನಾನ್ ಹೇಳ್ದೆ, ಇವ್ರು ಸುಡಲ್ಲ ಸಾಬ್, ನಮ್ ಸೀಮೆಯಾಗೆ ಕುಂದ್ರಿಸಿ ಹೂಳ್ತಾರೆ ಅಂತ. 'ಏನ್ ಮಿಯಾ, ಸಿಕ್ಕೋರ್ನೆಲ್ಲಾ ಹೂಳಿಸ್ತೀಯಾ' ಅಂದು ನಕ್ರು. ಹಿಂದೂ ಅಂದ್ಮೇಲೆ ಸುಡು, ಅಷ್ಟೇ ಅಂದ್ರು. ಸೌದೆ ಬೇರೆ ಹಸಿ."

"ಲಿಂಗ?"

"ಕೊಳ್ಳಾಗೇ ಇತ್ತು."

ಹಾಗಾದರೆ ಟ್ರಂಕಿನಲ್ಲಿ ನಾನು ಕಂಡದ್ದೇನು? ಅದನ್ನು ಕೇಳಲಿಲ್ಲ. ದೇವಸಮುದ್ರದವರು ಯಾಕೆ ಸುಮ್ಮನಿದ್ದರು ಎಂದು ಕೇಳಿದೆ.

"ನಾನೂ ಆಮೇಲೆ ಕೇಳ್ದೆ. ಸಾಹೇಬ್ರ ಮುಂದೆ ಜಾತಿ ಮಾತು ಯಾಕ್ ಲೇ ಅಂದ."

ಊರಿಗೆ ಬಂದವನೇ ಅವ್ವನಿಗೆ ಎಲ್ಲ ಹೇಳಿದೆ. ಹಸಿ ಸೌದೆಗೆ ಡೀಸೆಲ್ ಸುರಿದರು ಎಂದೂ ಹೇಳಿದೆ. ಡೀಸೆಲ್ ಎಂದು ಅವರು ಅಂದಿದ್ದರೋ, ಬಸ್ಸಿನಲ್ಲಿ ಬರುತ್ತ ನಾನೇ ಸೇರಿಸಿಕೊಂಡೆನೋ, ಈಗ ಖಾತ್ರಿಯಿಲ್ಲ.

"ಒಬ್ಬ ಹೇಳಿದ್ದು ನನಗೆ ಸಾಕಾಗಿತ್ತಲ್ಲೋ," ಎಂದಳು ಅವ್ವ. "ನಿನಗ್ಯಾಕೆ ಸಾಲ್ಲಿಲ್ಲ?"

"ನಿಜ ಗೊತ್ತಾಗ್ಬೇಕಿತ್ತವ್ವ."

"ಯಾರಿಗೆ?"

ಅವಳು ನನ್ನಿಂದಲೇ ದೇವಸಮುದ್ರಕ್ಕೆ ಫೋನು ಮಾಡಿಸಿದಳು. ಚಳ್ಳಕೆರೆಯ ಸುದ್ದಿ ಎತ್ತಲಿಲ್ಲ.

"ಕುಂದ್ರಿಸಿದ್ರಿ ಅಂದ್ರಲ್ಲ, ಹೌದೇನ್ರಿ?"

"ಹೂನ್ರವ್ವ. ಲಿಂಗಾನೂ ಇಟ್ವಿ."

ಅವ್ವ ನನ್ನ ಮುಖವನ್ನೇ ನೋಡುತ್ತ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇನ್ನೊಂದ್ಸಲ ಹೇಳ್ರಿ," ಎಂದಳು.