ಹೆಲ್ಮೆಟ್ಟಿನ ಮೇಲಿನ ವಿಭೂತಿ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮೊಳೆಗೆ ನೇತುಹಾಕಿರುವ ನನ್ನ ಸೈಕಲ್ ಹೆಲ್ಮೆಟ್ಟಿನ ಮುಂಭಾಗದಲ್ಲಿ ಮೂರು ವಿಭೂತಿ ಗೆರೆಗಳಿವೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಬೋಳು ಹಣೆಯನ್ನು ನೋಡುತ್ತಾರೆ, ಆಮೇಲೆ ಏನೂ ಕೇಳದೆ ಚಹಾ ಕುಡಿಯುತ್ತಾರೆ. ದೇವರ ವಿಷಯದಲ್ಲಿ ಅರ್ಧ ಊರಿನ ಜೊತೆ ವಾದ ಮಾಡಿರುವ ಮನುಷ್ಯನ ಟೋಪಿಗೆ ಭಕ್ತಿ ಯಾವಾಗ ಹತ್ತಿತು ಎಂಬುದು ಅವರ ಸಂಶಯ. ಕೇಳಿದರೆ ಹೇಳಿಬಿಡುತ್ತಿದ್ದೆ. ಯಾರೂ ಕೇಳದ ಕಾರಣ, ಗೆಳೆಯಾ, ನಿನಗೆ ಹೇಳುತ್ತಿದ್ದೇನೆ.

ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ ಒಂದು ಪ್ರಶ್ನೆ: ಪುರಾವೆ ಎಲ್ಲಿ? ಅದನ್ನು ಬಹಳ ವರ್ಷ ಬೇರೆಯವರಿಗೆ ಕೇಳುತ್ತಾ ಸುಖವಾಗಿದ್ದೆ. ಈಚೆಗೆ ಅದು ನನ್ನ ಕಡೆಗೇ ತಿರುಗಿದೆ. ಓದುವ ಕಾಲದಲ್ಲಿ ಒಮ್ಮೆ ಸಾದಾ ಸೈಕಲ್ಲಿನಲ್ಲಿ ರಾಯಚೂರಿನಿಂದ ಗಬ್ಬೂರು, ದೇವದುರ್ಗ, ಸಿರವಾರ, ಮಾನ್ವಿ ಸುತ್ತಿ ಒಂದೇ ದಿನದಲ್ಲಿ ಮನೆಗೆ ಮರಳಿದ್ದೆನೆಂದು ನಾನು ಹೇಳಿಕೊಂಡು ಬಂದವನು. ಆ ದಿನ ಜೊತೆಗಿದ್ದ ಗೆಳೆಯನೊಬ್ಬ ಈಚೆಗೆ ಒಂದು ಮದುವೆಯ ಊಟದ ಸಾಲಿನಲ್ಲಿ ಸಿಕ್ಕು, ಮಾನ್ವಿಯಲ್ಲಿ ಸೈಕಲ್ಲುಗಳನ್ನು ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ಬಂದೆವಲ್ಲ ಎಂದ. ನನ್ನ ನೆನಪಿನಲ್ಲಿ ಬಸ್ಸೇ ಇಲ್ಲ. ಆದರೆ ನೆನಪನ್ನು ಕೆದಕಿದಾಗ ಮಾನ್ವಿಯಿಂದ ಈಚೆಗಿನ ರಸ್ತೆಯೂ ಇರಲಿಲ್ಲ! ಅಂದಿನಿಂದ ನೆಮ್ಮದಿ ಹೋಯಿತು. ಒಂದು ಸಲವಾದರೂ ಆ ಸುತ್ತನ್ನು ನಿಜವಾಗಿ, ಪೂರ್ತಿಯಾಗಿ, ನನ್ನ ಕಾಲಿನಿಂದಲೇ ತುಳಿದು ಮುಗಿಸಬೇಕು ಅನ್ನಿಸಿ, ತೆಳ್ಳನೆಯ ಟಯರಿನ ಹೊಸ ಸೈಕಲ್ಲನ್ನು ಕೊಂಡು ತಂದೆ.

ತೆಳ್ಳನೆಯ ಟಯರು ಬಳ್ಳಾರಿ ಜಾಲಿಯ ಮುಳ್ಳಿಗೆ ಎಷ್ಟು ಪ್ರಿಯವಾದ ಆಹಾರವೆಂಬುದು ಮೊದಲ ಸಲ ಹೊರಟಾಗ ಗಬ್ಬೂರಿನ ಹತ್ತಿರ ಗೊತ್ತಾಯಿತು. ಅಲ್ಲಿನ ಪಂಕ್ಚರ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಗಾಲಿಗೆ ಗಾಳಿ ತುಂಬುವ ಯಂತ್ರವಿತ್ತು, ಆದರೆ ಅದರ ಬಾಯಿಗೂ ನನ್ನ ಟ್ಯೂಬಿನ ಬಾಯಿಗೂ ಜಾತಕ ಕೂಡಲಿಲ್ಲ. ನಾನು ಕೈಪಂಪು ಹುಡುಕುತ್ತಿರುವಾಗಲೇ ಇಬ್ಬರು ಬಂದು ಸೈಕಲ್ಲನ್ನು ರಾಯಚೂರಿಗೆ ಹೊರಟಿದ್ದ ಸರಕಿನ ಆಟೋದ ಹತ್ತಿಚೀಲಗಳ ಮೇಲೆ ಏರಿಸಿ, ನನ್ನನ್ನೂ ಏರಿಸಿದರು. ಎರಡನೆಯ ಸಲ ಟಯರಿಗೆ ಏನೂ ಆಗಿರಲಿಲ್ಲ. ದೇವದುರ್ಗ ದಾಟಿ ಬೇವಿನ ಮರದ ಕೆಳಗೆ ನೀರು ಕುಡಿಯುತ್ತಾ ನಿಂತಿದ್ದೆ, ಅಷ್ಟೇ. ಈ ವಯಸ್ಸಿನವನು ಚಡ್ಡಿ ಹಾಕಿಕೊಂಡು, ತಲೆಗೆ ಬುಟ್ಟಿ ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದಾನೆಂದರೆ ಮನೆಯಲ್ಲಿ ದೊಡ್ಡದೇನೋ ಆಗಿರಬೇಕೆಂದು ತಿಳಿದ ಒಂದು ಕುಟುಂಬ ನನ್ನನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡಿತು. ನಮ್ಮ ಕಡೆ ದಾರಿಯಲ್ಲಿ ನಿಂತವನನ್ನು ವಿಚಾರಿಸದೆ ದಾಟುವುದು ಅವಮಾನ, ಹತ್ತಿಸಿಕೊಂಡವರಿಗೆ ಬೇಡವೆನ್ನುವುದು ಅದಕ್ಕಿಂತ ದೊಡ್ಡ ಅವಮಾನ. ಹೀಗೆ ನನ್ನ ಸಂಕಲ್ಪ ಎರಡು ಸಲವೂ ಸೋತದ್ದು ಜನರ ಒಳ್ಳೆಯತನದ ಎದುರು.

ಮೂರನೆಯ ಸಲ ಹೊರಟಾಗ ಹೆಂಡತಿ ಬಾಗಿಲಲ್ಲಿ ನಿಂತು, "ರಾತ್ರಿ ಅಡಿಗಿ ನಿಮಗೊಬ್ಬರಿಗೆ ಮಾಡ್ಲೋ, ಟ್ರ್ಯಾಕ್ಟರ್‌ದವರಿಗೂ ಮಾಡ್ಲೋ?" ಎಂದಳು.

ಅಂದು ದೇವದುರ್ಗದವರೆಗೆ ಹಾರಿಯೇ ಹೋದೆ. ಕಾಲಿನಲ್ಲಿ ಇಷ್ಟು ಕಸುವಿದೆಯೆಂದು ನನಗೇ ಗೊತ್ತಿರಲಿಲ್ಲ. ಸಿರವಾರಕ್ಕೆ ಬಂದಾಗ ಬೆಳಗಿನ ನಾಷ್ಟಾದ ಮಂಡಕ್ಕಿ ಒಗ್ಗರಣಿ ಇನ್ನೂ ಮುಗಿದಿರಲಿಲ್ಲ. ಹೋಟೆಲಿನ ಕಟ್ಟೆಯ ಮೇಲೆ ಕುಳಿತು ಒಗ್ಗರಣಿ, ಮಿರ್ಚಿ ತಿನ್ನುತ್ತಿರುವಾಗ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬಳು ನನ್ನನ್ನೂ ಸೈಕಲ್ಲನ್ನೂ ಬಹಳ ಹೊತ್ತು ನೋಡಿ, ಎಲ್ಲಿಂದ ಎಲ್ಲಿಗೆ ಎಂದು ಕೇಳಿದಳು. ಹೇಳಿದೆ. ಗಾಡಿ ಇಲ್ಲವೇ ಎಂದಳು. ಇದೆ ಎಂದೆ. ಆಗ ಆಕೆಯ ಮುಖದಲ್ಲಿ ಏನೋ ಬೆಳಗಿತು.

"ಹರಕಿ ಹೊತ್ತೀಯೇನ್ ಯಪ್ಪಾ?"

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ, ನೀನೂ ನಂಬಬೇಡ. ಬಾಯಲ್ಲಿ ಮಿರ್ಚಿ ಇತ್ತು. ಅದು ಆ ದಿನದ ಅತ್ಯಂತ ಖಾರದ ಮಿರ್ಚಿಯಾಗಿತ್ತು. ಕಣ್ಣಲ್ಲಿ ನೀರು ಬಂದು ತಲೆ ಆಡಿಸಿದ್ದು ನಿಜ. ಅಡ್ಡಕ್ಕೆ ಆಡಿಸಿದೆನೋ, ಉದ್ದಕ್ಕೆ ಆಡಿಸಿದೆನೋ ಗೊತ್ತಿಲ್ಲ. ಅಜ್ಜಿ ಮಾತ್ರ ನನ್ನ ಕಣ್ಣೀರನ್ನು ನೋಡಿ, ಸೆರಗಿನ ಗಂಟು ಬಿಚ್ಚಿ ವಿಭೂತಿಯ ತುಂಡು ತೆಗೆದು ನನ್ನ ಹಣೆಯ ಕಡೆ ಕೈ ಚಾಚಿದಳು. ಹಣೆಯನ್ನು ಹೆಲ್ಮೆಟ್ ಮುಚ್ಚಿತ್ತು. ಆಕೆ ಅದಕ್ಕೇ ಹಚ್ಚಿದಳು. ಎದುರಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ ಟ್ರ್ಯಾಕ್ಟರ್ ಚಾಲಕ ಎದ್ದು ನಿಂತು ಕೈಮುಗಿದ.

ಆಮೇಲಿನ ದಾರಿಯಲ್ಲಿ ಯಾರೂ ನನ್ನನ್ನು ತಡೆಯಲಿಲ್ಲ. ಭತ್ತದ ಸೀಮೆಯಲ್ಲಿ ಸುಗ್ಗಿಯಾಗಿತ್ತು. ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಉಳಿದರ್ಧವನ್ನು ಬಸ್ಸುಗಳು ಆಳುತ್ತಿದ್ದವು. ಬಸ್ಸು ಬಂದಾಗಲೆಲ್ಲ ನಾನು ಭತ್ತದೊಳಗೆ ನುಗ್ಗಿ, ಕಾಳು ಕಾವಲಿನವರಿಂದ ಬೈಸಿಕೊಳ್ಳಲು ಸಿದ್ಧನಾಗಿ ತಲೆ ತಗ್ಗಿಸುತ್ತಿದ್ದೆ. ತಗ್ಗಿಸಿದ ತಲೆಯ ಮೇಲಿನ ಮೂರು ಗೆರೆ ಕಂಡು ಅವರು ಸುಮ್ಮನಾಗುತ್ತಿದ್ದರು. ನೀರು ಕೊಡದವರು ಒಬ್ಬರೂ ಇಲ್ಲ, ಹತ್ತಿ ಬಾ ಎಂದವರು ಒಬ್ಬರೂ ಇಲ್ಲ.

ಮಾನ್ವಿಯಲ್ಲಿ ರಾಯಚೂರಿನ ಕಡೆ ಹೊರಳಿದ ಕೂಡಲೇ ಎದುರುಗಾಳಿ ಎದೆಗೆ ಬಡಿಯಿತು. ಆಗ ಅರ್ಥವಾಯಿತು, ಬೆಳಿಗ್ಗೆ ನನ್ನದೆಂದುಕೊಂಡ ಕಸುವೆಲ್ಲ ಇದೇ ಗಾಳಿಯದು, ಬೆನ್ನ ಹಿಂದೆ ಇದ್ದಷ್ಟು ಹೊತ್ತು ಅದಕ್ಕೆ ಹೆಸರಿರಲಿಲ್ಲ. ಬೆನ್ನಿಗೆ ಬಂದದ್ದನ್ನು ನಾವು ಸಾಮರ್ಥ್ಯವೆನ್ನುತ್ತೇವೆ, ಎದುರಿಗೆ ಬಂದದ್ದನ್ನು ಹಣೆಬರಹವೆನ್ನುತ್ತೇವೆ. ಈ ತತ್ವಜ್ಞಾನದಿಂದ ಸೈಕಲ್ ಒಂದು ಮಾರೂ ಮುಂದೆ ಹೋಗಲಿಲ್ಲ. ಸವಾರಿಯನ್ನು ದಾಖಲಿಸುತ್ತಿದ್ದ ಮೊಬೈಲು, ಅಂದರೆ ನನ್ನ ಏಕೈಕ ಪುರಾವೆ, ಚಾರ್ಜ್ ಮುಗಿದು ಕಣ್ಣು ಮುಚ್ಚಿತು. ಕೊನೆಗೆ ಇಳಿದು, ರಸ್ತೆಯ ಬದಿಗೆ ಕುಳಿತು, ನನ್ನ ನೆನಪು ಬಸ್ಸನ್ನು ಎಲ್ಲಿ ಬಚ್ಚಿಟ್ಟಿತ್ತೋ ಆ ಜಾಗ ಇದೇ ಇರಬೇಕು ಎಂದುಕೊಂಡೆ. ಸೋಲು ಒಪ್ಪಿದೆ. ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು ಬಂದಾಗ, ಬದುಕಿನಲ್ಲಿ ಮೊದಲ ಸಲ, ನಾನಾಗಿಯೇ ಕೈ ಅಡ್ಡ ಹಿಡಿದೆ.

ಸಿರವಾರದಲ್ಲಿ ಕೈಮುಗಿದವನೇ! ಮಾನ್ವಿಯ ಮಿಲ್ಲಿಗೆ ಭತ್ತ ಇಳಿಸಿ, ಇದೇ ದಾರಿಯಲ್ಲಿದ್ದ ತನ್ನ ಊರಿಗೆ ಖಾಲಿ ಟ್ರೇಲರಿನೊಂದಿಗೆ ಹೊರಟಿದ್ದ. ಹತ್ತಿಸಿಕೋ ಎಂದೆ. ಅವನು ಬೆಚ್ಚಿ ನನ್ನ ಹೆಲ್ಮೆಟ್ ನೋಡಿದ.

"ಹತ್ತಿಸ್ಕೊಂಡ್ರ ಹರಕಿ ಮುರಿತದಲ್ರೀ ಸರ. ಆ ಪಾಪ ನಮಗ್ಯಾಕ್ರಿ?"

ಹರಕೆಯೂ ಇಲ್ಲ, ದೇವರನ್ನು ನಾನು ನಂಬುವುದೂ ಇಲ್ಲ ಎಂದು ವಿವರಿಸಿದೆ. ಅವನು ಕನಿಕರದಿಂದ ಕೇಳಿಸಿಕೊಂಡ. ದಣಿದವರು ಹೀಗೆಲ್ಲ ಮಾತಾಡುವುದುಂಟೆಂದು ಅವನ ಮುಖವೇ ಹೇಳುತ್ತಿತ್ತು. ಆಮೇಲೆ ಗಾಳಿ ಬರುತ್ತಿದ್ದ ಕಡೆ ನೋಡಿ, ಸ್ವಲ್ಪ ಯೋಚಿಸಿದ.

"ಒಂದು ಮಾಡ್ರಿ. ನಾ ಮುಂದ ಸಾವಕಾಶ ಹೊಕ್ಕೀನಿ, ನೀವು ಹಿಂದ ಬರ್ರಿ. ಗಾಳಿ ನಮ್ಮ ಗಾಡಿ ತಿಂತದ. ಮುಟ್ಟಬ್ಯಾಡ್ರಿ ಮತ್ತ, ಮುಟ್ಟಿದ್ರ ಹತ್ತಿದಂಗ."

ಹೀಗೆ ಒಂದು ಟ್ರೇಲರು ನನ್ನ ಮುಂದೆ ಗೋಡೆಯಂತೆ ನಡೆಯಿತು. ಅದರ ಹಿಂದಿನ ಹಲಗೆಯ ಮೇಲೆ "ತಾಯಿಯ ಆಶೀರ್ವಾದ" ಎಂದು ಬರೆದಿತ್ತು. ಆ ಅಕ್ಷರಗಳನ್ನೇ ನೋಡುತ್ತಾ, ಡೀಸೆಲ್ ಹೊಗೆ ಕುಡಿಯುತ್ತಾ, ಟ್ರೇಲರಿನಿಂದ ಹಾರುವ ಭತ್ತದ ಹೊಟ್ಟು ಮೈಗೆ ಮೆತ್ತಿಸಿಕೊಳ್ಳುತ್ತಾ ತುಳಿದೆ, ಮುಟ್ಟದೆ ತುಳಿದೆ. ತನ್ನ ಊರಿನ ಅಡ್ಡದಾರಿಗೆ ಅವನು ಹೊರಳಿದಾಗ ಸಂಜೆಯಾಗಿತ್ತು, ಗಾಳಿಯೂ ಇಳಿದಿತ್ತು. ಉಳಿದ ದಾರಿಯನ್ನು ನಾನೊಬ್ಬನೇ, ಹಾಡುತ್ತಾ ಮುಗಿಸಿದೆ. ರಾಯಚೂರಿನ ದೀಪಗಳು ಕಂಡಾಗ ಕೋಟೆ ಗೆದ್ದವನ ಹಾಗೆ ಗಂಟೆ ಬಾರಿಸಿದೆ. ಎರಡು ನಾಯಿಗಳು ಬೊಗಳಿ ಸ್ವಾಗತಿಸಿದವು.

ಹೆಂಡತಿ ಬಾಗಿಲು ತೆಗೆದು ನನ್ನ ಅಂಗಿಯ ಮೇಲಿನ ಹೊಟ್ಟನ್ನು ನೋಡಿದಳು. "ಟ್ರ್ಯಾಕ್ಟರ್‌ದಾಗ ಬಂದ್ರಿ ಹೌದಲ್ಲ?" ಮೊಬೈಲು ಸತ್ತಿತ್ತು. ಮೈಮೇಲಿನ ಪುರಾವೆಯೆಲ್ಲ ನನ್ನ ವಿರುದ್ಧವೇ ಇತ್ತು. ಇಷ್ಟು ತುಳಿದೂ ಇದು ಇನ್ನೊಂದು ನಂಬಲಾಗದ ನೆನಪಾಗಿ ಉಳಿಯುವುದೇ ಎಂದುಕೊಂಡೆ. ನಡೆದದ್ದನ್ನೆಲ್ಲ ಹೇಳಿ ಹೆಲ್ಮೆಟ್ ಬಿಚ್ಚಿ ಕೊಟ್ಟೆ. ಆಕೆ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಹಂಗಾದ್ರ ಖರೇನ ತುಳದೀರಿ ಬಿಡ್ರಿ. ಹರಕಿಯವರನ್ನ ನಮ್ಮ ಕಡಿ ಯಾರು ಹತ್ತಿಸ್ಕೊಂತಾರ?"

ಈ ತರ್ಕದಲ್ಲಿ ಒಂದು ಬಿರುಕನ್ನೂ ನಾನು ಕಂಡುಹಿಡಿಯಲಾರೆ. ಅಂದು ಗೆದ್ದವನು ನಾನೇ, ಆದರೆ ಬೆನ್ನ ಗಾಳಿ ಎಷ್ಟು, ಅಜ್ಜಿ ಎಷ್ಟು, ಟ್ರೇಲರು ಎಷ್ಟು ಎಂದು ಪಾಲು ಮಾಡುವ ಆಸೆ ಈಗಿಲ್ಲ. ಈಗ ಮೊಳೆಯ ಮೇಲಿನ ಹೆಲ್ಮೆಟ್ಟಿನಲ್ಲಿ ಮೂರನೆಯ ಗೆರೆ ಮಾಸುತ್ತಿದೆ. ಮೊನ್ನೆ ಹೆಲ್ಮೆಟ್ ತೊಳೆಯುವಾಗ ಆ ಭಾಗವನ್ನು ಬಿಟ್ಟು ಉಳಿದೆಲ್ಲವನ್ನೂ ತೊಳೆದೆ. ಅದು ಭಕ್ತಿಯಲ್ಲ, ಪುರಾವೆಯ ರಕ್ಷಣೆ.