ಬಾಯಾರು ತಿದ್ದಿದ ಒಂದು ಪದ

ಬಾಯಾರ ಬಲಗೈಯ ತೋರುಬೆರಳಿನ ತುದಿ ಸದಾ ಕೆಂಪಗಿರುತ್ತಿತ್ತು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಅವರ ಬೆರಳಿಗೆ ಹತ್ತಿದ್ದು ಕುಂಕುಮವಲ್ಲ, ಪ್ರೂಫ್ ತಿದ್ದುವ ಮಸಿ. ಇದನ್ನು ಬರೆಯಲು ಕುಳಿತಾಗಲೆಲ್ಲ ಆ ಬೆರಳೇ ಕಣ್ಣಮುಂದೆ ಬಂದು, ಕಾಗದ ಮಡಚಿ ಎದ್ದುಬಿಡುತ್ತಿದ್ದೆ. ಹಾಗೆ ಮುಂದೂಡುತ್ತ ಮೂವತ್ತೈದು ವರ್ಷ ಕಳೆದೆ. ನನಗೀಗ ಎಪ್ಪತ್ತೆಂಟು.

ಹೈಸ್ಕೂಲು ಮುಗಿಸಿ ನಾನು ಬೆಳಗಾವಿಯ ವಡಗಾವಿಯಲ್ಲಿದ್ದ ಒಂದು ಸಣ್ಣ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಎಪ್ಪತ್ತರ ದಶಕದ ನಡುವೆ ಒಂದು ದಿನ ಖಾನಾಪುರದ ಓದುಗರೊಬ್ಬರಿಂದ ಕಾರ್ಡು ಬಂತು. ನಾವು ಅಚ್ಚು ಹಾಕಿದ ಪುಸ್ತಕವೊಂದರ ಹನ್ನೊಂದು ತಪ್ಪುಗಳನ್ನು ಪುಟ, ಸಾಲು ಸಮೇತ ಬರೆದು, ಉಳಿದಂತೆ ಪುಸ್ತಕ ಸೊಗಸಾಗಿದೆ ಎಂದು ಮುಗಿಸಿದ್ದರು. ಮಾಲೀಕರು ಓದಿ ನಕ್ಕು, ಇದರಾಗ ಒಂಬತ್ತು ನಿನ್ನವು ನೋಡು ಎಂದು ನನ್ನನ್ನು ಚುಚ್ಚಿದರು. ಮರುಟಪಾಲಿಗೇ ಅವರನ್ನು ಕರೆಸಿದರು.

ಬಂದವರು ಸೆರಗು ಹೊದ್ದ, ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಅಣ್ಣನ ಮನೆಯಲ್ಲಿದ್ದರು. ಮನೆಮಾತು ಮರಾಠಿ. ಕನ್ನಡ ಹೇಗೆ ಕಲಿತಿರೆಂದು ಮಾಲೀಕರು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ವಾಚನಾಲಯದಾಗ ಮರಾಠಿ ಕಪಾಟು ತೀರಿತ್ರೀ. ಬಾಜೂದ್ದು ತಗದೆ.”

ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ ನಾವು ಅವರನ್ನು ಗೌರವದಿಂದ ಬಾಯಾರು ಎಂದು ಕರೆಯತೊಡಗಿದೆವು. ಮೊದಮೊದಲು ಅಕ್ಷರದ ತಪ್ಪುಗಳನ್ನಷ್ಟೇ ತಿದ್ದುತ್ತಿದ್ದವರು ಕ್ರಮೇಣ ವಾಕ್ಯಗಳನ್ನು ನೆಟ್ಟಗೆ ಮಾಡತೊಡಗಿದರು. ಪ್ರತಿ ಸಾಲನ್ನೂ ತುಟಿಯಲ್ಲೇ ಓದಿ, ಉದ್ದವಾದರೆ “ಇಲ್ಲಿ ದಮ್ಮು ಹತ್ತತೈತ್ರೀ” ಎಂದು ಗೆರೆ ಎಳೆಯುವರು. ಆದರೆ ಲೇಖಕರನ್ನು ಕೇಳದೆ ಒಂದು ಪದವನ್ನೂ ಬದಲಿಸುತ್ತಿರಲಿಲ್ಲ. ಅಂಚಿನಲ್ಲಿ ‘ಹೀಗೆಯೇ ಬೇಕೆ?’ ಎಂದು ಬರೆದಿಡುವರು. ಪತ್ರಿಕೆಗೆ ಸಂಪಾದಕರಿರುತ್ತಾರೆಂದು ನಮಗೆ ಗೊತ್ತಿತ್ತು. ಪುಸ್ತಕಕ್ಕೂ ಅಂಥವರು ಬೇಕೆಂದು ತಿಳಿದದ್ದು ಅವರಿಂದ. ಕೆಲವೇ ವರ್ಷಗಳಲ್ಲಿ ಊರಿನ ಮೂರು ಅಚ್ಚುಕೂಟಗಳು ಕೆಲಸ ಕಳಿಸತೊಡಗಿದವು. ಲೇಖಕರು ಹಸ್ತಪ್ರತಿ ಹಿಡಿದು ನೇರವಾಗಿ ಖಾನಾಪುರಕ್ಕೇ ಹೋಗುತ್ತಿದ್ದರು. ಯಾರ ನೌಕರಿಯಲ್ಲೂ ಇರದೆ, ಅಣ್ಣನ ಮನೆಯ ಪಡಸಾಲೆಯಲ್ಲಿ ಕೂತು, ಓದುವುದನ್ನೇ ಅವರು ಬದುಕು ಮಾಡಿಕೊಂಡಿದ್ದರು.

ನನ್ನ ಪ್ರೂಫುಗಳು ಮೈಯೆಲ್ಲ ಕೆಂಪಾಗಿ ಮರಳುತ್ತಿದ್ದವು. ಬಾಯಾರ, ನಮ್ಮ ಹೊಟ್ಟಿಮ್ಯಾಲ ಹೊಡೀಬ್ಯಾಡ್ರಿ ಎಂದು ಒಮ್ಮೆ ಚೇಷ್ಟೆ ಮಾಡಿದೆ. “ಹೊಟ್ಟಿ ತಂಟೆಕ್ಕ ಬಂದಿಲ್ರೀ, ನೀವು ಬಿಟ್ಟ ಒತ್ತಿನ ತಂಟೆಕ್ಕ ಬಂದೀನಿ” ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ನಗು ನಾಟಿತು. ಆಗ ನಮ್ಮೂರಲ್ಲಿ ಯಾರ ಮನೆಮಾತು ಯಾವುದೆಂಬುದು ಸಣ್ಣ ಸಂಗತಿಯಾಗಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಶಿವಬಸವ ನಗರದ ನಿವೃತ್ತ ಮಾಸ್ತರರೊಬ್ಬರು ತೀರಿಹೋದ ತಾಯಿಯ ಬಗ್ಗೆ ಪುಸ್ತಕ ಬರೆದರು. ಅದರಲ್ಲೊಂದು ಸಾಲು: ‘ನಮ್ಮವ್ವನ ರಾಗ ಓಣಿಗೆಲ್ಲ ಗೊತ್ತಿತ್ತು.’ ಆಕೆ ಬೀಸುವಾಗ ಹಾಡುತ್ತಿದ್ದರಂತೆ. ಮರಾಠಿಯಲ್ಲಿ ರಾಗ ಎಂದರೆ ಸಿಟ್ಟು. ಮರಾಠಿ ಓಣಿಯಲ್ಲಿ ಬೆಳೆದ ನನ್ನ ತಲೆಗೆ ಮೊದಲು ಹೊಳೆದದ್ದು ಆ ಅರ್ಥವೇ. ಮಾಸ್ತರರ ಕನ್ನಡದಲ್ಲಿ ಮರಾಠಿ ನುಸುಳಿದೆ, ಶುದ್ಧ ಮಾಡೋಣವೆಂದು ‘ಸಿಟ್ಟು’ ಎಂದು ಮೊಳೆ ಜೋಡಿಸಿದೆ. ಬಾಯಾರು ಅದಕ್ಕೆ ಸುತ್ತು ಹಾಕಿ, ಅಂಚಿನಲ್ಲಿ ‘ರಾಗವೇ ಸರಿ. ತಾಯಿ ಹಾಡುತ್ತಿದ್ದರು’ ಎಂದು ಬರೆದು ಕಳಿಸಿದರು. ಮರಾಠಿಯವರು ನನಗೆ ಕನ್ನಡ ಕಲಿಸುವುದೇ ಎಂದು ಉರಿ ಹತ್ತಿತು. ಉಳಿದ ತಪ್ಪುಗಳನ್ನೆಲ್ಲ ತಿದ್ದಿ ಅದೊಂದನ್ನು ಹಾಗೇ ಬಿಟ್ಟೆ.

ಪುಸ್ತಕ ಕೈಸೇರಿದ ದಿನ ಮಾಸ್ತರರು ಬಂದು ಬೆಂಚಿನ ಮೇಲೆ ಕುಳಿತರು. ಕೂಗಾಡಲಿಲ್ಲ. “ನಮ್ಮವ್ವ ಯಾರಿಗೂ ಏರಿದ ದನಿಲೆ ಮಾತಾಡಿದಾಕಿ ಅಲ್ರೀ” ಎಂದು ಕಣ್ಣೊರೆಸಿಕೊಂಡರು. ಇದು ಯಾರ ಕೆಲಸವೆಂದು ಮಾಲೀಕರು ನನ್ನನ್ನು ಕೇಳಿದರು.

“ಬಾಯಾರು ಮರಾಠಿ ಮಂದಿ ನೋಡ್ರೀ. ರಾಗ ಅಂದ್ರ ಸಿಟ್ಟು ಅಂತ ತಿಳಕೊಂಡು ತಿದ್ದಿರಬೇಕು” ಅಂದೆ.

ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಅಷ್ಟು ಸಲೀಸಾಗಿ ಅದು ನಂಬಿಕೆಗೆ ಕೂತಿತು. ಅವರು ತಿದ್ದಿದ ಪ್ರೂಫನ್ನು ಅಂದೇ ಮಸಿ ಒರೆಸುವ ಚಿಂದಿಗಳ ಜೊತೆ ಸುಟ್ಟೆ.

ವಾರದೊಳಗೆ ಬಾಯಾರು ಬಂದರು. ‘ರಾಗ’ ಎಂದೇ ತಿದ್ದಿ ಕಳಿಸಿದ್ದಾಗಿ ಹೇಳಿ, ಆ ಪ್ರೂಫ್ ತೋರಿಸಿರೆಂದು ಕೇಳಿದರು. ಮಾಲೀಕರು ನನಗೆ ಹುಡುಕಲು ಹೇಳಿದರು. ನಾನು ಖಾನೆಗಳನ್ನು ಒಂದೊಂದಾಗಿ ಎಳೆದು, ಹುಡುಕಿದಂತೆ ಮಾಡಿ, ಇಲ್ಲರೀ ಎಂದೆ. ಅವರು ನನ್ನ ಮುಖ ನೋಡಿ ಹೊರಟುಹೋದರು. ಸುದ್ದಿ ಉಳಿದೆರಡು ಅಚ್ಚುಕೂಟಗಳಿಗೂ ಹೋಯಿತು. ವರ್ಷ ತುಂಬುವುದರೊಳಗೆ ಅವರಿಗೆ ಕೆಲಸ ಕಳಿಸುವವರು ಯಾರೂ ಉಳಿಯಲಿಲ್ಲ.

ನಾಲ್ಕೈದು ವರ್ಷಗಳ ಮೇಲೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಅವರೇ ನನ್ನನ್ನು ಕರೆದು ಕೂರಿಸಿಕೊಂಡರು. ನನ್ನ ಮಕ್ಕಳ ಓದು ವಿಚಾರಿಸಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆರಳಿನ ಕೆಂಪು ಹೋಗಿತ್ತು. ಬಸ್ಸು ಬರುವ ಹೊತ್ತಿಗೆ ಮೆಲ್ಲಗೆ ಹೇಳಿದರು:

“ಆ ಪ್ರೂಫ್ ನಾನ ತಿದ್ದಿರಲಿಕ್ಕಿಲ್ರೀ. ತಿದ್ದೀನಿ ಅಂತ ಬರೇ ನನ್ನ ಮನಸಿಗೆ ಅನಿಸಿತ್ತೇನೋ. ಸುಮ್ಮನ ನಿಮಗ ಹುಡುಕಾಕ ಹಚ್ಚಿದೆ.”

ಆಗಲೂ ನಾನು ಬಾಯಿ ಬಿಡಲಿಲ್ಲ. ಇರ್ಲಿ ಬಿಡ್ರಿ ಬಾಯಾರ ಎಂದೆ. ದೊಡ್ಡ ಮನಸ್ಸಿನವನಂತೆ ಎಂದೆ! ಬಸ್ಸು ಹತ್ತಿ ಬಂದೆ.

ಆ ದಶಕ ಮುಗಿಯುವ ಮೊದಲೇ ಅವರು ಕಾಮಾಲೆಯಿಂದ ತೀರಿಕೊಂಡರು. ಅವರ ಅಣ್ಣ ಸಿಕ್ಕಾಗ ಒಂದು ಮಾತು ಹೇಳಿದರು: ಕೊನೆಯ ವರ್ಷಗಳಲ್ಲಿ ತಂಗಿ ಕನ್ನಡ ಪುಸ್ತಕ ಮುಟ್ಟುತ್ತಲೇ ಇರಲಿಲ್ಲವಂತೆ. ಕೇಳಿದರೆ, ನನಗ ಅದು ಪೂರಾ ತಿಳಿಯೂದಿಲ್ಲ ಎನ್ನುತ್ತಿದ್ದರಂತೆ.

ಆಮೇಲೆ ಮಾಲೀಕರಿಗೆ ಎಲ್ಲ ಹೇಳಿದೆ. ಹೋಗ್ಲಿ ಬಿಡೋ ಎಂದರು. ಮಾಸ್ತರರ ಮನೆಗೂ ಹೋಗಿ ನಿಜ ಹೇಳಿ ಕಾಲು ಮುಟ್ಟಿದೆ. ಅವರು ಚಹಾ ಕೊಟ್ಟು ಕಳಿಸಿದರು. ಇಬ್ಬರೂ ಕ್ಷಮಿಸಿದರು, ಆದರೆ ಕ್ಷಮಿಸಬೇಕಾದವರು ಅವರಲ್ಲ. ಖಾನಾಪುರದ ಬಾಯಾರು ಬಸ್ ನಿಲ್ದಾಣದ ಒಂದೇ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದಾಗಲೂ ನಾನು ಅವರ ಕ್ಷಮೆ ಕೇಳದೆ ಎದ್ದು ಬಂದೆ.