ಬರಲಿಲ್ಲ, ಗುಣವಾಗಿರಬೇಕು

ಟಿಕೋಟಾದ ಈರಯ್ಯ ಮಾಸ್ತರರು ಇಪ್ಪತ್ತೆಂಟು ವರ್ಷ ಸಾಲೆಯಲ್ಲಿ ಗಣಿತ ಕಲಿಸಿದವರು. ಪೆನ್ಶನ್ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ ಊರವರ ವ್ಯಾಜ್ಯ ಬಗೆಹರಿಸಬಹುದಿತ್ತು. ಅದು ಅವರ ಜಾಯಮಾನಕ್ಕೆ ಒಗ್ಗಲಿಲ್ಲ. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಎರಡು ಖೋಲಿಯ ಮನೆ ಹಿಡಿದರು. ಹಿಂದಿನ ಖೋಲಿಯಲ್ಲಿ ಸಂಸಾರ ಹೂಡಿ, ಮುಂದಿನದರಲ್ಲಿ ಹೋಮಿಯೋಪತಿ ಔಷಧ ಕೊಡಲು ಕೂತುಬಿಟ್ಟರು. ಮಂದಿ ಅವರನ್ನು ‘ಸಕ್ಕರಿ ಗುಳಿಗಿ ಅಯ್ಯಾರು’ ಎಂದು ಕರೆದರು. ಬೆನ್ನ ಹಿಂದೆಯೂ ಅದೇ ಹೆಸರು, ಮುಖದ ಮುಂದೆಯೂ ಅದೇ ಹೆಸರು.

ಈ ಹುಚ್ಚು ಅವರಿಗೆ ಹತ್ತಿದ್ದು ಅರೆತಲೆನೋವಿನಿಂದ. ಹನ್ನೆರಡು ವರ್ಷ ಕಾಡಿದ ನೋವು, ಟಿಕೋಟಾಕ್ಕೆ ವರ್ಗವಾಗಿ ಬಂದ ಒಬ್ಬ ಪೋಸ್ಟ್ ಮಾಸ್ತರರು ಕೊಟ್ಟ ನಾಲ್ಕು ಗುಳಿಗೆಗೆ ಮಾಯವಾಯಿತಂತೆ. ಆಮೇಲೆ ಕಲಕತ್ತೆಯಿಂದ ಪುಸ್ತಕ ತರಿಸಿದರು, ಔಷಧದ ಪೆಟ್ಟಿಗೆ ತರಿಸಿದರು, ಓದಿದರು, ಬರೆದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವರು. ಆದರೆ ಮೊಲದ ಕಾಲನ್ನು ದಿನಾ ಎಣಿಸಿ ನೋಡುವ ಪ್ರಾಮಾಣಿಕತೆಯೂ ಅವರಿಗಿತ್ತು. ಈ ಕಥೆ ನಿಂತಿರುವುದು ಅದರ ಮೇಲೆ.

ಅವರ ಔಷಧದ ಲೆಕ್ಕ ಸರಳ. ಒಂದು ಹನಿ ಮೂಲರಸಕ್ಕೆ ತೊಂಬತ್ತೊಂಬತ್ತು ಹನಿ ಸ್ಪಿರಿಟ್ಟು. ಅದನ್ನು ಕುಲುಕಿ, ಅದರಿಂದ ಒಂದು ಹನಿ ತೆಗೆದು ಮತ್ತೆ ತೊಂಬತ್ತೊಂಬತ್ತು ಹನಿ ಸ್ಪಿರಿಟ್ಟು. ಹೀಗೆ ಮೂವತ್ತು ಸಲ. ಕೊನೆಗೆ ಉಳಿದ ನೀರಿನಂಥ ರಸದಲ್ಲಿ ಸಕ್ಕರೆ ಗುಳಿಗೆ ತೋಯಿಸಿ, ಸಣ್ಣ ಶೀಶೆಗೆ ತುಂಬಿ ಬಿರಡೆ ಹಾಕುವುದು. ಔಷಧ ತೆಳುವಾದಷ್ಟೂ ಅದರ ಬಲ ಹೆಚ್ಚು ಎಂಬುದು ಆ ಶಾಸ್ತ್ರದ ಮಾತು. ಚಳಿಜ್ವರಕ್ಕಂತೂ ಕ್ವಿನೈನ್ ಬರುವ ಮರದ ತೊಗಟೆಯನ್ನೇ ಹೀಗೆ ತೆಳುವು ಮಾಡಿ ಕೊಡುತ್ತಿದ್ದರು.

ರಸ್ತೆಯ ಆಚೆ ಬದಿಗೆ ಡಾಕ್ಟರ್ ಅಬ್ದುಲಸಮದರ ದವಾಖಾನೆ. ಪುಣೆಯಲ್ಲಿ ಓದಿ ಬಂದವರು, ಮಾತಿನಲ್ಲಿ ಚುರುಕು. ಇಳಿಹೊತ್ತಿಗೆ ಇಬ್ಬರೂ ಕೂಡಿ ಚಹಾ ಕುಡಿಯುವುದು, ಕುಡಿಯುತ್ತ ಜಗಳಾಡುವುದು ದಿನದ ರೂಢಿ.

“ಮಾಸ್ತರ, ತಾಜ್ ಬಾವಡಿಗೆ ಒಂದು ಹನಿ ಶಾಯಿ ಹಾಕಿ, ಆ ನೀರಿಲೆ ಪತ್ರಾ ಬರೀತೀರೇನು?” ಎಂದು ಡಾಕ್ಟರು ಕೆಣಕುವರು. “ನೂರಕ್ಕ ಒಂದರಂಗ ಹನ್ನೆರಡು ಸಲ ಮಾಡಿದ್ರ ಸಾಕು, ಮೂಲರಸದ ಒಂದು ಕಣಾನೂ ಉಳಿಯೂದಿಲ್ಲ. ನೀವು ಮೂವತ್ತು ಸಲ ಮಾಡ್ತೀರಿ. ಅದರಾಗ ಏನ ಐತಿ ಹೇಳ್ರಿ?”

“ಕಣಾ ಹೋಗತೈತಿ ಸಾಹೇಬ್ರ, ಗುಣಾ ಉಳೀತೈತಿ. ಗೋಳಗುಮ್ಮಟದಾಗ ಒಂದ ಸಲ ಕೂಗಿದ್ರ ಏಳು ಸಲ ಕೇಳಸತೈತಿ. ಕೂಗಿದಾಂವ ಬಾಯಿ ಮುಚ್ಚಿರತಾನಲ್ಲ?”

“ಏಳನೇದು ಸಣ್ಣಾಗಿ ಕೇಳಸತೈತ್ರಿ ಮಾಸ್ತರ. ದೊಡ್ಡದಾಗಿ ಅಲ್ಲ.”

ಈರಯ್ಯನವರು ಮನೆಗೆ ಬಂದು ಪಾಟಿ ಹಿಡಿದು ಲೆಕ್ಕ ಮಾಡಿದರು. ಒಂದರ ಮುಂದೆ ಅರವತ್ತು ಸೊನ್ನೆ ಬಂದವು. ಪಾಟಿ ಸಾಲದೆ ನೆಲದ ಮೇಲೆ ಖಡುವಿನಿಂದ ಬರೆದರು. ಅವರ ಹೆಂಡತಿ ಮುರಿಗೆವ್ವ, “ಇದೇನ್ರಿ, ನೆಲದ ತುಂಬ ತತ್ತಿ ಇಟ್ಟೀರಿ?” ಎಂದು ಸಾರಿಸಿ ಒರೆಸಿದಳು. ಲೆಕ್ಕ ಡಾಕ್ಟರರ ಕಡೆ ಇತ್ತು. ಆದರೆ ಔಷಧ ತಿಂದವರು ಗುಣವಾಗುತ್ತಿದ್ದರಲ್ಲ! ಅದಕ್ಕೆ ಸಾಕ್ಷಿಯಾಗಿ ಅವರ ದಪ್ಪ ವಹಿ ಇತ್ತು.

ಆ ವಹಿಯಲ್ಲಿ ಬಂದವರ ಹೆಸರು, ಊರು, ಜಡ್ಡು, ಕೊಟ್ಟ ಔಷಧ ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ ಇರುತ್ತಿದ್ದವು. ಮರಳಿ ಬಂದು ಆರಾಮಾಯಿತೆಂದವರ ಮುಂದೆ ‘ಗುಣ’ ಎಂದು ಬರೆಯುವರು. ಬಾರದೇ ಹೋದವರ ಮುಂದೆ, ‘ಬರಲಿಲ್ಲ, ಗುಣವಾಗಿರಬೇಕು’. ಆರಾಮಾದವನು ಹನ್ನೆರಡು ಮೈಲು ನಡೆದು ಬಂದು ಆರಾಮಾಗಿದ್ದೇನೆ ಎಂದು ಹೇಳಿ ಹೋಗುತ್ತಾನೆಯೇ? ಲಡಾಯಿ ಕಾಲ, ಶೀಶೆ ಸಿಗುವುದಿಲ್ಲ, ಖಾಲಿ ಶೀಶೆ ತೊಳೆದು ತಂದುಕೊಡಿ ಎಂದು ಎಲ್ಲರಿಗೂ ಹೇಳಿ ಕಳಿಸುತ್ತಿದ್ದರು. ಅದಕ್ಕೂ ಬಾರದವರು ಮರೆತಿರಬೇಕು ಎಂದುಕೊಂಡರು.

ಸಾವಿರದ ಒಂಬೈನೂರ ನಲವತ್ಮೂರರ ಮಹಾನವಮಿ ಮುಗಿದಿತ್ತು. ಕ್ವಿನೈನ್ ಬರುತ್ತಿದ್ದ ಜಾವಾ ದ್ವೀಪವನ್ನು ಜಪಾನಿನವರು ಹಿಡಿದಾಗಿನಿಂದ ಆ ಚಳಿಜ್ವರದ ಮದ್ದು ಬಂಗಾರವಾಗಿತ್ತು. ಆ ವರ್ಷ ಮಳೆ ಹಿಡಿದು ಹೊಡೆದು ಮಮದಾಪುರದ ಕೆರೆ ತುಂಬಿ, ಸೊಳ್ಳೆ ಎದ್ದು, ಮನೆಮನೆಯಲ್ಲೂ ಚಳಿಜ್ವರ. ಅದೇ ಊರಿಗೆ ಕೊಟ್ಟಿದ್ದ ಮಗಳು ನೀಲಾಬಾಯಿ ಐದು ತಿಂಗಳ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಳು. ದಿನ ಬಿಟ್ಟು ದಿನ, ಮಧ್ಯಾಹ್ನ ಆಯಿತೆಂದರೆ ನಡುಕ ಶುರು. ನಾಲ್ಕು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುವವು. ಈರಯ್ಯನವರು ಗುಳಿಗೆ ಕೊಟ್ಟರು. ಹತ್ತು ದಿನವಾಯಿತು. ಹಾಲು ಬತ್ತಿತು, ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು. ಐದನೆಯ ಸಲ ಜ್ವರ ಬಂದಾಗ ನೀಲಾ ಅಪ್ಪನನ್ನೇ ಗುರುತು ಹಿಡಿಯಲಿಲ್ಲ.

ಅದೇ ಮಧ್ಯಾಹ್ನ ಮುರಿಗೆವ್ವ ಔಷಧದ ಖೋಲಿಗೆ ಬಂದು ಬಾಗಿಲಿಗೆ ಆತು ನಿಂತಳು. ಸೆರಗು ಬಾಯಿಗೆ ಹೋಗಿತ್ತು.

“ನಾ ಒಂದು ತಪ್ಪು ಮಾಡೇನ್ರಿ. ನನ್ನ ಮಗಳನ್ನ ನಾನs ಕೊಂದೆ.”

“ಏನು ಮಾತಂತ ಆಡ್ತಿ?”

“ಹ್ವಾದ ವರ್ಷ ನಾಗರಪಂಚಮಿ ಮುಂದ ಬಾಜೂಮನಿ ಹನಮವ್ವ ಗುಳಿಗಿ ಮೂಗಿಗೆ ಹಿಡದು, ‘ಅಯ್ಯಾರ ಮನ್ಯಾಗ ಸೆರೆ ಅಂಗಡಿ ನಾತಾ ಬರತೈತಿ’ ಅಂದ್ಲು. ನನಗ ಭೂಮಿ ಬಾಯಿ ಬಿಟ್ರ ಸಾಕಾಗಿತ್ತು. ಜಂಗಮರ ಮನ್ಯಾಗ ಕೂತು, ಲಿಂಗಾ ಕಟ್ಟಿದ ಮಂದಿಗೆ, ಕೂಸು ಕುನ್ನಿಗೆ ಸೆರೆ ತಿನಸೂದು ಪಾಪ ಅಲ್ಲೇನ್ರಿ? ಅವತ್ತಿಂದ ನೀವು ತೋಯಿಸಿಟ್ಟ ಗುಳಿಗಿ ಎಲ್ಲಾ ತಿಪ್ಪಿಗೆ ಚೆಲ್ಲಿ, ಡಬ್ಬ್ಯಾಗಿನ ಬರೇ ಸಕ್ಕರಿ ಗುಳಿಗಿ ತುಂಬಕೋತ ಬಂದೇನಿ.”

ಈರಯ್ಯನವರ ಮೂಗು ನಶ್ಯ ಏರಿಸಿ ಏರಿಸಿ ಎಂದೋ ಸತ್ತುಹೋಗಿತ್ತು. ಸ್ಪಿರಿಟ್ಟಿನ ವಾಸನೆ ಇದ್ದದ್ದೂ ಅವರಿಗೆ ಗೊತ್ತಾಗಿರಲಿಲ್ಲ, ಹೋದದ್ದೂ ಗೊತ್ತಾಗಿರಲಿಲ್ಲ.

“ಎಲ್ಲಾ ಶೀಶೆ?”

“ಎಲ್ಲಾ. ಔಷಧ ಕಡಿಮಿ ಆದಷ್ಟು ಜೋರ ಹೆಚ್ಚ ಅಂತ ನೀವs ಹೇಳ್ತಿದ್ರಲ್ಲ. ಪೂರಾ ತೆಗದ್ರೂ ನಡೀತೈತಿ ಅಂತ ತಿಳಕೊಂಡೆ.”

ಮೊದಲು ಅವರಿಗೆ ಬಂದದ್ದು ಸಿಟ್ಟಲ್ಲ, ಸಂತೋಷ. ಮಗಳಿಗೆ ಗುಣವಾಗದ ಕಾರಣ ಸಿಕ್ಕಿಬಿಟ್ಟಿತ್ತು! ಅವಳ ಹೊಟ್ಟೆಗೆ ಔಷಧವೇ ಹೋಗಿಲ್ಲ. ಈಗ ಒಂದು ಹನಿ ಅಸಲು ಔಷಧ ಕೊಟ್ಟರೆ ಸಾಕು. ಅವಸರದಿಂದ ಪೆಟ್ಟಿಗೆ ತೆರೆದರು, ಬಿರಡೆ ಬಿಚ್ಚಿದರು. ಮುರಿಗೆವ್ವ ಅಳು ತಡೆದು ಅವರ ಬೆನ್ನಿಗೆ ಕೇಳಿದಳು.

“ಹಂಗಾದ್ರ ಈ ಹದಿನಾಕ ತಿಂಗಳು ಉಳದ ಮಂದಿ ಹೆಂಗ ಗುಣಾ ಆದ್ರು?”

ಬಿರಡೆ ಕೈಯಲ್ಲೇ ಉಳಿಯಿತು.

ಅವರು ವಹಿ ಎಳೆದುಕೊಂಡರು. ಪಕ್ಕದ ಖೋಲಿಯಲ್ಲಿ ಮಗಳ ಹಲ್ಲು ಕಟಕಟ ಅನ್ನುತ್ತಿದ್ದಾಗ ಲೆಕ್ಕ ಮಾಡುತ್ತ ಕೂತದ್ದು ಕ್ರೂರವೆಂದು ಯಾರಾದರೂ ಅಂದಾರು. ಆದರೆ ಅವರಿಗೆ ತಿಳಿದಿದ್ದ ಸತ್ಯದ ದಾರಿ ಅದೊಂದೇ. ಪಂಚಮಿಯ ಹಿಂದಿನ ನೂರು ಹೆಸರು ಎಣಿಸಿದರು: ‘ಗುಣ’ ಎಂಬುದು ಅರವತ್ತೆರಡು. ಪಂಚಮಿಯ ಮುಂದಿನ ನೂರು ಎಣಿಸಿದರು: ಅರವತ್ಮೂರು. ಬರೀ ಸಕ್ಕರೆಗೆ ಒಂದು ಹೆಚ್ಚು. ನೆಗಡಿಗೆ ಔಷಧ ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂದು ಅವರ ಅವ್ವ ನಗುತ್ತ ಹೇಳುತ್ತಿದ್ದ ಮಾತು ನೆನಪಾಯಿತು. ಇಷ್ಟು ವರ್ಷ ತಾವು ವಾರಕ್ಕೆ ಏಳು ದಿನ ಎಂದು ಎಣಿಸುತ್ತ ಕೂತಿದ್ದೆವಲ್ಲ ಎಂದು ನಾಚಿಕೆಯಾಯಿತು.

ಬಿರಡೆ ಹಾಕಿ, ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿದರು.

ಅಬ್ದುಲಸಮದರು ನಗಲಿಲ್ಲ. ನಗಬಹುದಿತ್ತು, ಆರು ವರ್ಷದ ಜಗಳ ಗೆದ್ದಿದ್ದರು. ನೀಲಾಬಾಯಿಯ ಕಣ್ಣಿನ ರೆಪ್ಪೆ ಎಳೆದು ನೋಡಿ, ಮನೆಗೆ ಹೋಗಿ ಒಂದು ಸಣ್ಣ ಡಬ್ಬಿ ತಂದರು. “ನಮ್ಮ ಮನಿ ಹುಡುಗೂರಿಗಂತ ಇಟ್ಟಿದ್ದೆ. ಈಗ ಇಕೀಗೆ ಬೇಕು,” ಎಂದು ಕ್ವಿನೈನ್ ಕೊಟ್ಟರು. ಅದರ ಕಹಿಗೆ ನೀಲಾ ಮುಖ ಕಿವುಚಿದಳು. ಎರಡು ಸರದಿಯಲ್ಲಿ ಜ್ವರ ತಪ್ಪಿತು. ವಾರದಲ್ಲಿ ಎದ್ದು ಕೂತು ರೊಟ್ಟಿ ಬೇಡಿದಳು. ಈರಯ್ಯನವರು ಹಿತ್ತಲಿಗೆ ಹೋಗಿ ಒಬ್ಬರೇ ಅತ್ತರು.

ಅಂದು ಚಹಾದ ಹೊತ್ತಿಗೆ ತಾವಾಗಿಯೇ ವಹಿ ಒಯ್ದು ಡಾಕ್ಟರರ ಮುಂದಿಟ್ಟರು. “ನೀವು ಗೆದ್ರಿ ಸಾಹೇಬ್ರ. ಸಕ್ಕರಿಲೆ ಅರವತ್ಮೂರು ಮಂದಿ ಗುಣಾ ಆಗ್ಯಾರ.”

ಡಾಕ್ಟರು ಹಾಳೆ ತಿರುವುತ್ತ ಹೋದರು. “ಇವರು ತಾವಾಗೇ ಆರಾಮಾದವ್ರು. ನಿಮ್ಮ ಕೂಡ ಅರ್ಧ ತಾಸು ಮಾತಾಡಿ ಧೈರ್ಯ ತಗೊಂಡವ್ರು. ಅದೂ ಸಣ್ಣದಲ್ಲ.” ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. “ಇಲ್ಲಿ ನೋಡ್ರಿ. ಚಳಿಜ್ವರ. ‘ಬರಲಿಲ್ಲ, ಗುಣವಾಗಿರಬೇಕು.’ ಇವರು ಈಗ ಎಲ್ಲಿ ಅದಾರ, ಮಾಸ್ತರ?”

ಈರಯ್ಯನವರು ಹಾಳೆ ತಿರುವಿ ಎಣಿಸಿದರು. ಅಂಥ ಸಾಲುಗಳು ಹನ್ನೊಂದು ಇದ್ದವು.

ಮರುದಿನದಿಂದ ಅವರು ವಹಿ ಬಗಲಲ್ಲಿಟ್ಟುಕೊಂಡು ಊರೂರು ತಿರುಗತೊಡಗಿದರು. ಬಬಲೇಶ್ವರದಲ್ಲಿ ಗೈಬುಸಾಬ ಗಟ್ಟಿಯಾಗಿದ್ದ. ಮಜ್ಜಿಗೆ ಕುಡಿಸಿ, “ನಿಮ್ಮ ಗುಳಿಗಿ ಭಾಳ ಚಲೋ ಇದ್ದುವ್ರಿ ಅಯ್ಯಾರ” ಎಂದ. ಆ ಹೊಗಳಿಕೆ ಅವರಿಗೆ ನುಂಗಲಾರದ ತುತ್ತಾಯಿತು. ಟಿಕೋಟಾದಲ್ಲಿ ಇಬ್ಬರು ಬದುಕಿದ್ದರು. ಎದೆ ಸ್ವಲ್ಪ ಹಗುರವಾಗಿ ಹೊನವಾಡಕ್ಕೆ ನಡೆದರು. ವಹಿಯಲ್ಲಿ ಅಲ್ಲಿಯ ಹೆಸರು ಶಂಕ್ರೆವ್ವ, ಪರಸಪ್ಪನ ಹೆಂಡತಿ. ಶ್ರಾವಣದಲ್ಲಿ ಬಂದವಳು.

ಪರಸಪ್ಪ ಅಂಗಳದಲ್ಲಿ ಜೋಳದ ಕಣಿಕೆ ಒಟ್ಟುತ್ತಿದ್ದ. ಅಯ್ಯನವರನ್ನು ಕಂಡು ಓಡಿಬಂದು ಕಾಲಿಗೆ ಬಿದ್ದ. ಕಂಬಳಿ ಹಾಸಿ ಕೂರಿಸಿ, ಒಳಗೆ ಹೋಗಿ ಗೂಡಿನಿಂದ ಏನನ್ನೋ ತಂದು ಅವರ ಕೈಯಲ್ಲಿಟ್ಟ. ತೊಳೆದು ಒಣಗಿಸಿ, ಧೂಳು ಹೋಗದಂತೆ ಬಾಯಿಗೆ ಅರಿವೆ ಕಟ್ಟಿದ ಖಾಲಿ ಶೀಶೆ.

“ತಪ್ಪಾತ್ರಿ ಅಯ್ಯಾರ. ಶೀಶೆ ತಂದು ಕೊಡ್ರಿ ಅಂದಿದ್ರಿ. ಆಕಿ ತೀರಿಕೊಂಡ ಮ್ಯಾಲ ಕೈಯಾಗ ಕೆಲಸs ಹತ್ತಲಿಲ್ಲ.”

ಪರಸಪ್ಪ ಮುಂದುವರಿಸಿದ. “ನೀವ ಬಂದದ್ದು ದೇವರ ಬಂದಂಗಾತು. ನಿನ್ನಿಂದ ಮಗಳು ನಡಗಾಕತ್ತಾಳ. ಇದs ಶೀಶೆದಾಗ ಒಂದಿಷ್ಟು ಗುಳಿಗಿ ಹಾಕಿ ಕೊಡ್ರಿ.”

ಒಳಗೆ ಏಳು ವರ್ಷದ ಹುಡುಗಿ ಕೌದಿಯಲ್ಲಿ ಮುದುಡಿಕೊಂಡಿದ್ದಳು.

“ಬಂಡಿ ಹೂಡು, ಪರಸಪ್ಪ,” ಎಂದರು ಈರಯ್ಯನವರು. “ಟಿಕೋಟಾದಾಗ ಮೋಟಾರು ಸಿಗತೈತಿ. ಡಾಕ್ಟರ ಕಡೆ ಹೋಗೂಣು.”

ದಾರಿಯುದ್ದಕ್ಕೂ ಹುಡುಗಿಯ ತಲೆ ಅವರ ತೊಡೆಯ ಮೇಲಿತ್ತು. ಹೇಳದೇ ಇರಬಹುದಿತ್ತು. ಪರಸಪ್ಪ ಹಣೆಬರಹ ಎಂದು ಒಪ್ಪಿಕೊಂಡಾಗಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಟಿಕೋಟಾದ ಮನೆಗಳು ಕಾಣತೊಡಗಿದಾಗ ಅವರು ಹೇಳಿಬಿಟ್ಟರು. ಶೀಶೆಯಲ್ಲಿ ಔಷಧ ಇರಲಿಲ್ಲ, ಬರೀ ಸಕ್ಕರೆ ಇತ್ತು, ಇದ್ದಿದ್ದರೂ ನಡೆಯುತ್ತಿರಲಿಲ್ಲ, ಅಂದೇ ಡಾಕ್ಟರರ ಕಡೆ ಕಳಿಸಬೇಕಿತ್ತು, ಕಳಿಸಲಿಲ್ಲ, ತಪ್ಪು ನನ್ನದು ಎಂದರು.

ಪರಸಪ್ಪ ಹಿಂದೆ ತಿರುಗಲಿಲ್ಲ.

“ಆಕಿ ಗುಳಿಗಿ ಎಣಿಸಿ ತಿಂತಿದ್ಲ್ರಿ,” ಎಂದ. “ಮುಂಜಾನಿ ನಾಕು, ಸಂಜಿಗೆ ನಾಕು. ಕಡೀ ದಿನಾನೂ ತಪ್ಪಸಲಿಲ್ಲ. ಅಯ್ಯಾರು ಹೇಳ್ಯಾರ ಅಂತಿದ್ಲು.”

ಎಂದವನೇ ಎತ್ತುಗಳ ಬಾಲ ತಿರುವಿದ. ಮೋಟಾರು ಹೊರಡುವ ಹೊತ್ತಾಗಿತ್ತು.